ಟ್ಯಾಂಕ್ ಇಲ್ಲದ ಗೀಸರ್ ಹಾಕಿಸಬೇಕಾ? ಬಳಸಿದವರು ಹೇಳಿ

ಪ್ರಶ್ನೆ: ಮನೆಯ ಟ್ಯಾಂಕ್ ಗೀಸರ್ ತಳದಲ್ಲಿ ಸೋರುತ್ತಿದೆ. ರಿಪೇರಿ ಬೇಡ, ಹೊಸದೇ ಹಾಕಿಸಿ ಅಂದಿದ್ದಾರೆ ಪ್ಲಂಬರ್. ನಾವು ನಾಲ್ಕು ಜನ, ಎರಡು ಬಾತ್‌ರೂಮ್. ಕೊನೆಗೆ ಸ್ನಾನಕ್ಕೆ ಹೋದವರಿಗೆ ತಣ್ಣೀರೇ ಗತಿ. ಅದಕ್ಕೇ ನೀರು ಹರಿಯುವಾಗಲೇ ಕಾಯಿಸುವ ಟ್ಯಾಂಕ್‌ಲೆಸ್ ಹಾಕಿಸೋಣ ಅಂತ ಯೋಚನೆ. ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತೆ ಅಂತಾರೆ ಅಂಗಡಿಯವರು. ನಿಜವಾ?

ಉತ್ತರ: ಗೀಸರ್ ನೋಡೋಕೆ ಹೋಗುವ ಮುಂಚೆ ನಿಮ್ಮ ಶವರ್ ಅಳೆಯಿರಿ. ಬಕೆಟ್ ಇಟ್ಟು, ದಿನಾ ಸ್ನಾನಕ್ಕೆ ಎಷ್ಟು ತಿರುಗಿಸುತ್ತೀರೋ ಅಷ್ಟೇ ತಿರುಗಿಸಿ, ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತದೆ ನೋಡಿ. ಎಲ್ಲ ಲೆಕ್ಕವೂ ಅದರ ಮೇಲೆಯೇ ನಿಂತಿದೆ. ನಿಮಿಷಕ್ಕೆ 1 ಲೀಟರ್ ಹರಿಯುವಾಗ 1 ಕಿಲೋವ್ಯಾಟ್ ಶಕ್ತಿ ಆ ನೀರನ್ನು ಸುಮಾರು 14 ಡಿಗ್ರಿ ಬಿಸಿ ಮಾಡುತ್ತದೆ. ನಲ್ಲಿ ನೀರು 25 ಡಿಗ್ರಿ ಇದೆ, ಸ್ನಾನಕ್ಕೆ 40 ಬೇಕು, ಶವರ್ ನಿಮಿಷಕ್ಕೆ 8 ಲೀಟರ್ ಸುರಿಯುತ್ತದೆ ಅಂತಿಟ್ಟುಕೊಳ್ಳಿ. ಎಂಟೂವರೆ ಕಿಲೋವ್ಯಾಟ್ ಹತ್ತಿರ ಬೇಕು. ಚಳಿಯಲ್ಲಿ ಅದೇ ನೀರು 10 ಡಿಗ್ರಿಗೆ ಇಳಿದರೆ ಅದರ ಎರಡರಷ್ಟು! ಇದು ಒಂದೇ ಶವರ್‌ಗೆ. ಇಬ್ಬರೂ ಒಟ್ಟಿಗೆ ಸ್ನಾನಕ್ಕೆ ಹೋದರೆ ಮತ್ತೆ ದುಪ್ಪಟ್ಟು.

ಗೋಡೆಗೆ ನೇತು ಹಾಕುವ 3 ಕಿಲೋವ್ಯಾಟಿನ ಪುಟ್ಟ ಇನ್‌ಸ್ಟಂಟ್ ಗೀಸರ್ ಇದೆಯಲ್ಲ, ಅದನ್ನು ಶವರ್‌ಗೆ ಹಾಕಿ 'ಬಿಸಿಯೇ ಆಗಲ್ಲ' ಅಂತ ಬೈಯುವವರು ಬಹಳ. ಬಿಸಿ ಆಗುತ್ತದೆ, ನಲ್ಲಿಯನ್ನು ಸಣ್ಣಗೆ ಬಿಟ್ಟರೆ. ಅದು ಪಾತ್ರೆ ತೊಳೆಯೋಕೆ, ಕೈ ತೊಳೆಯೋಕೆ ಹೇಳಿ ಮಾಡಿಸಿದ್ದು.

ಇನ್ನೊಬ್ಬರು: ವೈರಿಂಗ್ ಮರೆಯಬೇಡಿ. 230 ವೋಲ್ಟ್ ಇರುವ ಕಡೆ ಎಂಟೂವರೆ ಕಿಲೋವ್ಯಾಟ್ ಅಂದರೆ 35 ಆಂಪಿಯರ್‌ಗಿಂತ ಜಾಸ್ತಿ. ಬೋರ್ಡಿನಿಂದ ಗೀಸರ್‌ವರೆಗೆ ದಪ್ಪ ವೈರ್, ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆರುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕೇ ಬೇಕು. ಗೀಸರ್ ಬೆಲೆ ಮಾತ್ರ ನೋಡಿ ಹೊರಟರೆ ಈ ಖರ್ಚು ಆಮೇಲೆ ಕಾಡುತ್ತದೆ.

ಮತ್ತೊಬ್ಬರು: ನಮ್ಮದು ಗ್ಯಾಸ್. ನೀರಿಗೆ ಬರ ಇಲ್ಲ, ಮನೆಮಂದಿಯೆಲ್ಲ ಸಾಲಾಗಿ ಸ್ನಾನ ಮಾಡಿದರೂ ಬಿಸಿ ಬರುತ್ತಲೇ ಇರುತ್ತದೆ. ಆದರೆ ಬಾತ್‌ರೂಮ್ ಒಳಗೆ ಮಾತ್ರ ಹಾಕಿಸಬೇಡಿ, ಯಾರು ಏನೇ ಹೇಳಲಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಬಾಗಿಲು ಹಾಕಿಕೊಂಡು ಒಳಗಿದ್ದವರಿಗೆ ಗೊತ್ತಾಗುವಷ್ಟರಲ್ಲಿ ಎಚ್ಚರ ತಪ್ಪಿರುತ್ತದೆ. ನಮ್ಮದು ಹೊರಗೋಡೆಯ ಮೇಲಿದೆ. ಮನೆಯೊಳಗೆ ಬೇರೆ ಕಡೆ ಇಡುವ ಮಾದರಿಯಾದರೆ ಹೊಗೆ ಕೊಳವೆ ನೇರ ಹೊರಗೆ ಹೋಗಬೇಕು.

ಒಂದು ಕಿರಿಕಿರಿಯೂ ಇದೆ. ನಲ್ಲಿಯನ್ನು ತೀರಾ ಸಣ್ಣಗೆ ಬಿಟ್ಟರೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ, ಒಳಗಿನ ಸೆನ್ಸರ್‌ಗೆ ಇಂತಿಷ್ಟು ಹರಿವು ಅಂತ ಬೇಕು. ಸೋಪು ಹಚ್ಚಿಕೊಳ್ಳುವಾಗ ನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟರೆ ಮೊದಲು ಬಿಸಿ, ನಡುವೆ ಒಂದು ಗುಟುಕು ತಣ್ಣೀರು, ಆಮೇಲೆ ಮತ್ತೆ ಬಿಸಿ. ಬೆನ್ನ ಮೇಲೆ ಬಿದ್ದಾಗ ಒಮ್ಮೆ ಜೀವ ಹಾರುತ್ತದೆ. ಈಗ ಅಭ್ಯಾಸವಾಗಿದೆ.

ಇನ್ನೊಬ್ಬರು: ನಿಮ್ಮದು ಗಡಸು ನೀರಾ? ಪಾತ್ರೆ, ನಲ್ಲಿ ಮೇಲೆ ಬಿಳಿ ಕಲೆ ಕೂರುತ್ತಾ? ಹಾಗಾದರೆ ಅದೇ ಸುಣ್ಣ ಗೀಸರ್ ಒಳಗಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ವರ್ಷಕ್ಕೊಮ್ಮೆಯಾದರೂ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ದ್ರಾವಣ ಹರಿಸಿ ತೊಳೆಸಬೇಕು. ಅದಕ್ಕೆ ಬೇಕಾದ ವಾಲ್ವ್‌ಗಳನ್ನು ಕೂರಿಸುವಾಗಲೇ ಹಾಕಿಸಿಕೊಳ್ಳಿ.

ಉತ್ತರ: ಬಿಲ್ ಅರ್ಧ ಆಗುತ್ತೆ ಅನ್ನೋದು ಸುಮ್ನೆ ಮಾತು. ವಿದ್ಯುತ್ ಗೀಸರ್ ಯಾವುದೇ ಇರಲಿ, ನೀರು ಕಾಯಿಸೋಕೆ ಬೇಕಾದ ಕರೆಂಟ್ ಅಷ್ಟೇ. ಟ್ಯಾಂಕಿನಲ್ಲಿ ನಿಂತ ನೀರು ಆರಿಹೋಗಿ ಮತ್ತೆ ಕಾಯುತ್ತದಲ್ಲ, ಟ್ಯಾಂಕ್‌ಲೆಸ್‌ನಲ್ಲಿ ಆ ನಷ್ಟವೊಂದೇ ತಪ್ಪುವುದು. ಇಡೀ ದಿನ ಸ್ವಿಚ್ ಹಾಕಿಟ್ಟರೆ ಅದು ಗಮನಕ್ಕೆ ಬರುವಷ್ಟಿದೆ. ಸ್ನಾನಕ್ಕೆ ಮುಂಚೆ ಹಾಕಿ ಆರಿಸುವವರಿಗೆ ಅಷ್ಟೇನೂ ಇಲ್ಲ.

ಕೇಳಿದವರು: ಅಳೆದೆ. ನಿಮಿಷಕ್ಕೆ 9 ಲೀಟರ್! ಮನೆಯ ಕನೆಕ್ಷನ್ನೇ ಒಟ್ಟು 5 ಕಿಲೋವ್ಯಾಟ್. ಗ್ಯಾಸ್ ಗೀಸರ್ ಇಡೋಕೆ ಹೊರಗೋಡೆಯೂ ಇಲ್ಲ. ಈಗ?

ಉತ್ತರ: ಹಾಗಾದರೆ ಸ್ನಾನಕ್ಕೆ ಟ್ಯಾಂಕೇ ಇರಲಿ, ಈಗಿನದಕ್ಕಿಂತ ದೊಡ್ಡದು, ಇನ್ಸುಲೇಷನ್ ಚೆನ್ನಾಗಿರುವುದು. ಶವರ್ ತಲೆ ಬದಲಾಯಿಸಿ ಹರಿವನ್ನು 6 ಲೀಟರಿಗೆ ಇಳಿಸಿದರೆ ಅದೇ ಟ್ಯಾಂಕ್ ಒಂದೂವರೆ ಪಟ್ಟು ಹೊತ್ತು ಬರುತ್ತದೆ. ಕೊನೆಯವರಿಗೂ ಬಿಸಿನೀರು ಸಿಗಬಹುದು. ಅಡುಗೆಮನೆಯ ಸಿಂಕಿಗೆ ಬೇಕಿದ್ದರೆ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಹಾಕಿಸಿ. ಎರಡರ ಸ್ವಿಚ್ಚನ್ನೂ ಒಟ್ಟಿಗೆ ಹಾಕಬೇಡಿ ಅಷ್ಟೇ, ಫ್ಯೂಸ್ ಹೋಗಬಹುದು.