ಯೂರೋಸ್ಟಾರ್ಸ್ ಅರ್ಜಿ: ಬಜೆಟ್ ಹಂಚಿಕೆ ಸರಿಯಿದೆಯಾ?

ಪ್ರಶ್ನೆ: ಯೂರೋಸ್ಟಾರ್ಸ್‌ಗೆ (ಸಣ್ಣ ಕಂಪನಿಗಳು ಬೇರೆ ದೇಶದವರ ಜೊತೆ ಸೇರಿ ಮಾಡುವ ಸಂಶೋಧನೆಗೆ ನೆರವು ಕೊಡುವ ಯುರೋಪಿನ ಯೋಜನೆ) ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ಸಣ್ಣ ಸೆನ್ಸರ್ ಕಂಪನಿ, ಜರ್ಮನಿಯ ಆಖನ್‌ನ ವಿಶ್ವವಿದ್ಯಾಲಯ ಸೇರಿ ಅರ್ಜಿ. ಒಟ್ಟು 10 ಲಕ್ಷ ಯೂರೋ, ಕಂಪನಿಗೆ 7.5, ವಿ.ವಿ.ಗೆ 2.5. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯನ್ನೂ ಸೇರಿಸಬಹುದಾ?

ಉತ್ತರ 1: ಈ ಲೆಕ್ಕ ಮೊದಲ ಜರಡಿಯಲ್ಲೇ ಉದುರುತ್ತೆ. ಒಬ್ಬ ಪಾಲುದಾರನಾಗಲಿ, ಒಂದು ದೇಶವಾಗಲಿ ಒಟ್ಟು ವೆಚ್ಚದ 70% ದಾಟುವಂತಿಲ್ಲ, ನಿಮ್ಮ ಕಂಪನಿಯದು 75%. ಕ್ಯಾಲಿಬ್ರೇಷನ್ (ಸೆನ್ಸರ್‌ನ ಅಳತೆ ಸರಿಹೊಂದಿಸುವುದು) ಥರದ 80 ಸಾವಿರ ಯೂರೋದ ಕೆಲಸ ಆಖನ್‌ಗೆ ಸರಿಸಿ, 67%ಕ್ಕೆ ಇಳಿಯುತ್ತೆ. ಹಾಗಂತ ವಿ.ವಿ.ಗೇ ಸುರಿಯಬೇಡಿ: ಹೊರಗುತ್ತಿಗೆ ಬಿಟ್ಟು ಸಣ್ಣ ಕಂಪನಿಗಳ ಪಾಲು ಕನಿಷ್ಠ 50% ಇರಬೇಕು. ಅವಧಿ 36 ತಿಂಗಳೊಳಗೆ.

ಉತ್ತರ 2: ಬೆಂಗಳೂರಿನವರು ಸೇರಬಹುದು, ಆದರೆ ಭಾರತ ಯೂರೋಸ್ಟಾರ್ಸ್ ದೇಶವಲ್ಲ, ತಮ್ಮ ಖರ್ಚು ತಾವೇ ಹೊಂದಿಸಿಕೊಳ್ಳಬೇಕು.

ಉತ್ತರ 3: ಎಡವುವುದು ಇಲ್ಲಿ. ಮೌಲ್ಯಮಾಪನ ಒಂದೇ ಕಡೆ, ದುಡ್ಡು ಮಾತ್ರ ಆಯಾ ದೇಶದ ಸಂಸ್ಥೆಯಿಂದ, ಅವರದೇ ದರದಲ್ಲಿ. ಜರ್ಮನಿಯಲ್ಲಿ ವಿ.ವಿ.ಗೆ ಯಾವ ಷರತ್ತು ಅಂತ ಯೂರೋಸ್ಟಾರ್ಸ್‌ಗೆ ಅಲ್ಲಿರುವ ರಾಷ್ಟ್ರೀಯ ಸಂಪರ್ಕಾಧಿಕಾರಿಯನ್ನು ಅರ್ಜಿಗೆ ಮುಂಚೆಯೇ ಕೇಳಿ. ಸಹಭಾಗಿತ್ವ ಒಪ್ಪಂದದ ಕರಡನ್ನೂ ಈಗಲೇ ಶುರುಮಾಡಿ. ಪೇಟೆಂಟ್ ಯಾರದ್ದು ಅನ್ನೋ ಒಂದೇ ಸಾಲಿಗೆ ವಿ.ವಿ. ವಕೀಲರು ತಿಂಗಳುಗಟ್ಟಲೆ ಎಳೀತಾರೆ.

ಪ್ರಶ್ನೆ ಕೇಳಿದವರು: ಕ್ಯಾಲಿಬ್ರೇಷನ್ ಅಲ್ಲಿಗೇ ಸರಿಸ್ತೀವಿ. ಥ್ಯಾಂಕ್ಸ್.