ಸಹಾಯ ಬೇಕು: ಮನೆಗೆಲಸದ ಯಾವ ನಿಮಿಷಗಳು ವ್ಯಾಯಾಮದ ಲೆಕ್ಕಕ್ಕೆ ಬರುತ್ತವೆ?

ರಕ್ತದ ಸಕ್ಕರೆ ಗಡಿಯಲ್ಲಿದೆ, ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಗುಡಿಸಿ, ಒರೆಸಿ, ಬಟ್ಟೆ ಒಗೆದು ರಾತ್ರಿಯ ಹೊತ್ತಿಗೆ ಸೊಂಟ ಬಿದ್ದುಹೋಗಿರುತ್ತದೆ. ಇದ್ಯಾವುದೂ ವ್ಯಾಯಾಮವಲ್ಲ ಎಂದರೆ ಸಿಟ್ಟು ಬರುವುದಿಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯನ್ನು ಓದಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಬೇಕು. ಮನೆಗೆಲಸವೂ ಅದರಲ್ಲಿ ಸೇರಬಹುದು. ಒಂದೇ ಸಮನೆ 10 ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತು ಈಗಿಲ್ಲ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ತೀವ್ರತೆಯಂತೆ. ಪರೀಕ್ಷಿಸಿಯೇ ಬಿಟ್ಟೆ. ಪಾತ್ರೆ ತೊಳೆಯುವಾಗ ಇಡೀ ಹಾಡು ಸಲೀಸಾಗಿ ಬಂತು (ರಾಗದ ಮಾತು ಬಿಡಿ). ಮಂಡಿಯೂರಿ ನೆಲ ಉಜ್ಜುವಾಗ ಎರಡನೆಯ ಸಾಲಿಗೇ ಉಸಿರು ಸಾಲಲಿಲ್ಲ. ಆದರೆ ಒರೆಸುವ ಬಟ್ಟೆಯನ್ನು ಹಿಂಡಿ, ನೀರು ಬದಲಿಸುವಷ್ಟರಲ್ಲಿ ಏದುಸಿರು ಇಳಿದೇ ಹೋಗುತ್ತದೆ. ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಅಂತೂ ಹೆಜ್ಜೆ ಇಟ್ಟರೆ ಮಾತ್ರ ಕೆಲಸವೆಂದು ಒಪ್ಪುತ್ತದೆ.

ಗೊಂದಲ ಇಲ್ಲೇ. ‘ಸುಮ್ಮನೆ ವಾಕಿಂಗ್ ಹೋಗಿ’ ಎಂಬ ಉತ್ತರ ಮನೆಯಲ್ಲೇ ಬೇಕಾದಷ್ಟು ಸಿಕ್ಕಿದೆ, ಅದು ಬೇಡ. ಫಿಸಿಯೋಥೆರಪಿ ಬಲ್ಲವರು ಹೇಳಿ: ಹೀಗೆ ಏರಿಳಿಯುವ ಕೆಲಸದಲ್ಲಿ ಏದುಸಿರು ಬಿಟ್ಟ ನಿಮಿಷಗಳನ್ನಷ್ಟೇ ಕೂಡಿಸಬೇಕೇ, ಇಡೀ ಅವಧಿಯನ್ನೇ? ವಾರಕ್ಕೆ ಕನಿಷ್ಠ 2 ದಿನ ಬೇಕೆನ್ನುವ ಸ್ನಾಯು ಬಲದ ವ್ಯಾಯಾಮಕ್ಕೆ ತುಂಬಿದ ಬಕೆಟ್ ಹೊರುವುದು ಸಾಕೇ, ಅಥವಾ ಅದನ್ನು ಬೇರೆಯಾಗಿಯೇ ಮಾಡಬೇಕೇ?