ಸೇನೆಯ ‘ಡಿಸ್ಚಾರ್ಜ್’: ಬಿಟ್ಟನೋ, ತೆಗೆದರೋ?

ಬಲ್ಲವರಿಗೆಲ್ಲ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ಪರದಾಡುತ್ತಿದ್ದೇನೆ. ಪದವೇನೂ ಅಪರೂಪದ್ದಲ್ಲ, ‘ಡಿಸ್ಚಾರ್ಜ್’. ಆಸ್ಪತ್ರೆಯದಾಗಿದ್ದರೆ ಅನುವಾದದ ಗೋಜಿಗೇ ಹೋಗುತ್ತಿರಲಿಲ್ಲ; ನಮ್ಮ ಅಜ್ಜಿಯರೂ ‘ನಾಳೆ ಡಿಸ್ಚಾರ್ಜ್’ ಎಂದೇ ಹೇಳುತ್ತಾರೆ. ನನಗೆ ಬೇಕಾಗಿರುವುದು ಸೇನೆಯ ಡಿಸ್ಚಾರ್ಜಿಗೆ ಕನ್ನಡ, ಅದೂ ಅಮೆರಿಕದ ಸೇನೆಯದಕ್ಕೆ.

ಸಂದರ್ಭ ಹೇಳಿಬಿಡುತ್ತೇನೆ. ಹಾಸನದಲ್ಲಿ ನಮ್ಮ ಬೀದಿಯ ಹೆಂಗಸೊಬ್ಬರ ಮಗ ಅಮೆರಿಕಕ್ಕೆ ಹೋದವನು ಅಲ್ಲಿಯ ಸೇನೆ ಸೇರಿದ, ಅವಧಿ ತುಂಬುವ ಮೊದಲೇ ಹೊರಬಂದ. ಹೊರಬಂದಾಗ ಕೊಟ್ಟ ಕಾಗದದಲ್ಲಿ ಅವನ ಸೇವೆಗೆ ಒಂದು ದರ್ಜೆ ನಮೂದಾಗಿದೆ. ಅದನ್ನು ಬದಲಿಸಿಕೊಡಿ ಎಂದು ಈಗ ಅರ್ಜಿ ಹಾಕುತ್ತಿದ್ದಾನೆ. ಅರ್ಜಿಯ ಜೊತೆ ಮನೆಯವರ, ಪರಿಚಯದವರ ಹೇಳಿಕೆಗಳನ್ನು ಇಡಬಹುದು. ತಾಯಿ ಕನ್ನಡದಲ್ಲಿ ಹೇಳಬೇಕು, ನಾನು ಇಂಗ್ಲಿಷಿಗೆ ತರಬೇಕು. ಅದಕ್ಕೂ ಮುಂಚೆ ಮಗನ ಕಾಗದದಲ್ಲಿ ಏನಿದೆ ಎಂದು ಅವರಿಗೆ ಓದಿ ಹೇಳಬೇಕಲ್ಲ, ಅಲ್ಲೇ ಸಿಕ್ಕಿಬಿದ್ದೆ.

‘ಸೇವೆಯಿಂದ ಬಿಡುಗಡೆ ಆಗಿದೆ’ ಎಂದೆ.

‘ಅಂದರೆ ಇವನೇ ಬಿಟ್ಟನೋ, ಅವರು ತೆಗೆದರೋ ಮೇಷ್ಟ್ರೇ?’ ಎಂದು ಕೇಳಿದರು.

ಮೂವತ್ತು ವರ್ಷ ಕ್ರಿಯಾಪದ ಪಾಠ ಮಾಡಿದವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೆಲಸ ಬಿಟ್ಟ, ಬಿಡಿಸಿದರು, ತೆಗೆದುಹಾಕಿದರು, ಕಳಿಸಿಕೊಟ್ಟರು: ಮಾಡಿದವರು ಯಾರು ಎಂಬುದನ್ನು ನಮ್ಮ ಮಾತು ಮೊದಲು ಹೇಳಿಯೇ ಮುಂದಕ್ಕೆ ಹೋಗುತ್ತದೆ. ಇಂಗ್ಲಿಷಿನ ಆ ಪದ ಅದನ್ನು ಮುಚ್ಚಿಟ್ಟುಕೊಂಡು ಕುಳಿತಿದೆ.

ಕಾಗದದ ಹೆಸರು ಡಿಡಿ 214. ಒಂದೇ ಹಾಳೆ, ತುಂಬ ಸಣ್ಣ ಸಣ್ಣ ಚೌಕಗಳು. 23ನೆಯ ಚೌಕದಲ್ಲಿ ‘ಸೆಪರೇಷನ್’ ಬಗೆ, 24ರಲ್ಲಿ ಸೇವೆಯ ‘ಕ್ಯಾರೆಕ್ಟರ್’, ಮುಂದೆ ಎರಡು ಸಂಕೇತಗಳು, 28ರಲ್ಲಿ ಕಾರಣ. ಇದರದೇ ಒಂದು ಚಿಕ್ಕ ಪ್ರತಿಯೂ ಇರುತ್ತದೆ. ಅದರಲ್ಲಿ ಈ ಚೌಕಗಳನ್ನೇ ಬಿಟ್ಟಿರುತ್ತಾರೆ. ಆದರೆ ಕೆಲಸ ಕೊಡುವವರು ದೊಡ್ಡ ಪ್ರತಿಯನ್ನೇ ಕೇಳುತ್ತಾರೆ, ಏಕೆಂದು ಹೇಳಬೇಕಾಗಿಲ್ಲ.

‘ಸೆಪರೇಷನ್’ ಎಂಬುದು ಇಡೀ ಕುಟುಂಬದ ಹೆಸರು, ಡಿಸ್ಚಾರ್ಜ್ ಆ ಕುಟುಂಬದ ಒಬ್ಬ ಸದಸ್ಯ ಮಾತ್ರ. ‘ಪ್ರತ್ಯೇಕತೆ’ ಎಂದರೆ ರಾಜ್ಯ ಒಡೆಯುವ ಚಳವಳಿ ನೆನಪಾಗುತ್ತದೆ. ‘ನಿರ್ಗಮನ’ ಎಂದು ಇಟ್ಟುಕೊಂಡಿದ್ದೇನೆ, ತಕರಾರಿದ್ದರೆ ಹೇಳಿ. ‘ಕ್ಯಾರೆಕ್ಟರ್’ ಮಾತ್ರ ತಾನಾಗಿ ಒದಗಿತು. ಶಾಲೆಯ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂದೊಂದು ಸಾಲಿರುತ್ತದೆ. ಅಲ್ಲಿ ‘ಉತ್ತಮ’ ಎಂದು ಬರೆಯುವುದು ವಾಡಿಕೆ. ‘ತೃಪ್ತಿಕರ’ ಎಂದು ಬರೆದರೆ ಮುಂದಿನ ಶಾಲೆಯ ಮುಖ್ಯೋಪಾಧ್ಯಾಯರು ಕನ್ನಡಕದ ಮೇಲಿಂದ ಹುಡುಗನನ್ನು ಒಮ್ಮೆ ನೋಡುತ್ತಾರೆ. ಬೈಗುಳವೇ ಇಲ್ಲದೆ ಬೈಯುವ ಕಲೆ ಅದು. 24ನೆಯ ಚೌಕ ಥೇಟ್ ಅದೇ. ‘ಸೇವಾ ನಡತೆ’ ಎಂದಾಗ ತಾಯಿಗೆ ಎರಡನೆಯ ಮಾತು ಬೇಕಾಗಲಿಲ್ಲ.

ಆ ಚೌಕದಲ್ಲಿ ಬರಬಹುದಾದ ದರ್ಜೆಗಳಲ್ಲಿ ಮೂರು ಕಚೇರಿಯ ಮಟ್ಟದಲ್ಲೇ ತೀರ್ಮಾನವಾಗುವಂಥವು: ‘ಆನರಬಲ್’, ಅದರ ಕೆಳಗೆ ‘ಜನರಲ್’, ಅದಕ್ಕೂ ಕೆಳಗೆ ‘ಅದರ್ ದ್ಯಾನ್ ಆನರಬಲ್’. ಇನ್ನೆರಡು, ‘ಬ್ಯಾಡ್ ಕಾಂಡಕ್ಟ್’ ಮತ್ತು ‘ಡಿಸಾನರಬಲ್’, ಸೇನಾ ನ್ಯಾಯಾಲಯ ಶಿಕ್ಷೆಯಾಗಿ ಕೊಡುವಂಥವು. ಮೊದಲನೆಯದಕ್ಕೆ ‘ಗೌರವಾನ್ವಿತ’ ಎಂದು ಬರೆದು ಹೊಡೆದುಹಾಕಿದೆ. ಗೌರವಾನ್ವಿತರೇನಿದ್ದರೂ ವೇದಿಕೆಯ ಮೇಲೆ ಕುಳಿತವರು. ‘ಗೌರವಯುತ ಬಿಡುಗಡೆ’ ವಾಸಿ. ಎರಡನೆಯದು ‘ಸಾಮಾನ್ಯ’, ಹೆಸರು ಸಪ್ಪೆ, ಪೆಟ್ಟು ಸಪ್ಪೆಯಲ್ಲ. ಆ ಒಂದು ಪದದಿಂದ ಅಲ್ಲಿಯ ಮಾಜಿ ಸೈನಿಕರಿಗೆ ಸಿಗುವ ಕಾಲೇಜು ಶಿಕ್ಷಣದ ನೆರವು ತಪ್ಪಿಹೋಗುತ್ತದೆ.

ಮೂರನೆಯದಕ್ಕೆ ಕನ್ನಡ ಸಿಕ್ಕಿದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ‘ಬೋಧಕೇತರ ಸಿಬ್ಬಂದಿ’, ‘ಕಾಂಗ್ರೆಸ್ಸೇತರ ಸರ್ಕಾರ’ ಎನ್ನುತ್ತೇವಲ್ಲ, ಹಾಗೆಯೇ ‘ಗೌರವೇತರ’. ಗುಣಸಂಧಿ ಸರಿಯಾಗಿದೆ, ಅರ್ಥವೂ ಗೆರೆ ಎಳೆದ ಹಾಗಿದೆ: ಗೌರವದ ಹೊರಗಿನದು, ಆದರೆ ಅವಮಾನ ಎಂದು ಬಾಯಿಬಿಟ್ಟು ಹೇಳದ್ದು. ಸರ್ಕಾರಿ ಇಂಗ್ಲಿಷಿನ ಜಾಣತನಕ್ಕೆ ಸಂಸ್ಕೃತದ ಜಾಣತನ.

ಈ ‘ಗೌರವ ಇಲ್ಲದ’ ಮತ್ತು ‘ಅಗೌರವದ’ ಎಂಬುದರ ನಡುವಿನ ಎಳೆ ಎಷ್ಟು ಸಣ್ಣದು ಎಂಬುದಕ್ಕೆ ಅಮೆರಿಕದ ಚರಿತ್ರೆಯಲ್ಲೇ ಸಾಕ್ಷಿಯಿದೆ. 1906ರಲ್ಲಿ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಊರಿನಲ್ಲಿ ರಾತ್ರಿ ಗುಂಡು ಹಾರಿ ಒಬ್ಬ ಸತ್ತ. ಅಲ್ಲಿ ಬೀಡುಬಿಟ್ಟಿದ್ದ 25ನೆಯ ಪದಾತಿದಳದ ಕಪ್ಪು ಸೈನಿಕರ ಮೇಲೆ ಗುಮಾನಿ ಬಂತು. ವಿಚಾರಣೆ ನಡೆಯಲಿಲ್ಲ, ಯಾರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 167 ಜನರನ್ನು ಒಂದೇ ಆದೇಶದಲ್ಲಿ ಹೊರಹಾಕಿದರು. ಆ ಆದೇಶದ ನುಡಿ ‘ಡಿಸಾನರಬಲ್’ ಆಗಿರಲಿಲ್ಲ, ‘ವಿದೌಟ್ ಆನರ್’ ಎಂದಿತ್ತು. ನ್ಯಾಯಾಲಯವಿಲ್ಲದೆ ‘ಅಗೌರವ’ ಹೊರಿಸುವಂತಿಲ್ಲ, ‘ಗೌರವ ಕೊಡುತ್ತಿಲ್ಲ’ ಎನ್ನುವುದಕ್ಕೆ ಅಡ್ಡಿಯಿಲ್ಲ! ನಮ್ಮಲ್ಲಿ ‘ಮಾನವಿಲ್ಲದವನು’ ಎಂದರೂ ‘ಮಾನಗೇಡಿ’ ಎಂದರೂ ಕೇಳಿಸಿಕೊಂಡವನು ಒಂದೇ ರಭಸದಲ್ಲಿ ಕೈಯೆತ್ತಿಕೊಂಡು ಬರುತ್ತಾನೆ. 1972ರಲ್ಲಿ ಸೇನೆ ಆ ಆದೇಶವನ್ನು ತಿರುವಿಹಾಕಿ ಎಲ್ಲರಿಗೂ ಗೌರವಯುತ ಬಿಡುಗಡೆ ಎಂದು ಬರೆಯಿತು. ಅಷ್ಟು ಹೊತ್ತಿಗೆ 66 ವರ್ಷ ಕಳೆದಿತ್ತು. ಮಿನಿಯಾಪೊಲಿಸ್‌ನಲ್ಲಿ ಬೂಟು ಪಾಲಿಷ್ ಮಾಡಿ ಬದುಕಿದ ಡಾರ್ಸಿ ವಿಲ್ಲಿಸ್ ಎಂಬ ವೃದ್ಧರಿಗೆ ಹೊಸ ಕಾಗದವೂ 25,000 ಡಾಲರೂ ಸಿಕ್ಕವು. ಉಳಿದವರಲ್ಲಿ ಹೆಚ್ಚಿನವರಿಗೆ ಗೌರವ ಸಂದದ್ದು ಸತ್ತ ಮೇಲೆ.

ಮುಂದೆ ಇದೇ ನಡುದಾರಿಯ ಕಾಗದ ನೀಲಿ ಬಣ್ಣದಲ್ಲಿ ಅಚ್ಚಾಗತೊಡಗಿತು. ಜನ ಅದನ್ನು ‘ನೀಲಿ ಚೀಟಿ’ ಎಂದೇ ಕರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಪ್ಪು ಸೈನಿಕರಿಗೂ ಸಲಿಂಗಿಗಳಿಗೂ ಅವರ ಲೆಕ್ಕಕ್ಕಿಂತ ಬಹಳ ಹೆಚ್ಚಾಗಿ ಈ ಚೀಟಿ ಸಿಕ್ಕಿತು. 1947ರಲ್ಲಿ ಅದನ್ನು ನಿಲ್ಲಿಸಿದರು.

ಈಗ ‘ವಜಾ’ದ ವಿಷಯ. ಪತ್ರಿಕೆಗಳಲ್ಲಿ ಕಣ್ಣು ಮುಚ್ಚಿಕೊಂಡು ‘ಸೇನೆಯಿಂದ ವಜಾ’ ಎಂದು ಬರೆಯುತ್ತಾರೆ. ಅರಬ್ಬಿ ಮೂಲದ ಈ ಪದ ನಮ್ಮಲ್ಲಿ ಲೆಕ್ಕದಿಂದ ಕಳೆಯುವುದಕ್ಕೂ ಸಲ್ಲುತ್ತದೆ, ನೌಕರಿಯಿಂದ ತೆಗೆಯುವುದಕ್ಕೂ ಸಲ್ಲುತ್ತದೆ, ಅರ್ಜಿ ತಳ್ಳಿಹಾಕುವುದಕ್ಕೂ ಸಲ್ಲುತ್ತದೆ. ಇದನ್ನೇ ಹಿಡಿದುಕೊಂಡರೆ ನಾಳೆ ‘ವಜಾಗೊಂಡ ಸೈನಿಕನ ಅರ್ಜಿ ವಜಾ’ ಎಂದು ಬರೆಯುವ ದಿನ ಬರುತ್ತದೆ. ಅದಿರಲಿ, ವಜಾ ಎಂದ ಕೂಡಲೇ ತೀರ್ಪು ಕೊಟ್ಟ ಹಾಗಾಯಿತು. ಅರ್ಜಿಯ ಜಗಳವೇ ತೀರ್ಪಿನ ಬಗ್ಗೆ ಇರುವಾಗ ನಾಮಪದ ತಟಸ್ಥವಾಗಿರಬೇಕು, ಗುಣವಾಚಕ ಬೇಕಾದರೆ ಹೊಡೆದಾಡಿಕೊಳ್ಳಲಿ.

ಎದುರುಮನೆಯ ನಿವೃತ್ತ ಸುಬೇದಾರರನ್ನು ಕೇಳಿದೆ. ‘ನಾನು ಡಿಸ್ಚಾರ್ಜ್ ಆಗಿಯೇ ಬಂದವನು, ಅದರಲ್ಲಿ ನಾಚಿಕೆ ಏನು? ನಾಚಿಕೆ ಇರುವುದು ಡಿಸ್ಮಿಸ್ ಎಂಬುದರಲ್ಲಿ’ ಎಂದರು. ನೋಡಿದರೆ ಅವರ ಮಾತು ಕಾನೂನಿನ ಮಾತೇ. ನಮ್ಮ 1950ರ ಸೇನಾ ಕಾಯ್ದೆಯಲ್ಲಿ ವಜಾ ಮಾಡುವುದಕ್ಕೆ 20ನೆಯ ಸೆಕ್ಷನ್ ಇದ್ದರೆ, ನಿವೃತ್ತಿ, ಬಿಡುಗಡೆ, ಡಿಸ್ಚಾರ್ಜ್ ಬರುವುದು 22ರಲ್ಲಿ. ನಮ್ಮಲ್ಲಿ ನೀಲಿ ಕಾಗದವಿಲ್ಲ, ಕೆಂಪು ಶಾಯಿ ಇದೆ. ಸೇವಾ ದಾಖಲೆಯಲ್ಲಿ ಶಿಕ್ಷೆಯನ್ನು ಕೆಂಪಕ್ಷರದಲ್ಲಿ ಬರೆಯುತ್ತಾರೆ. ಅಂಥವು ನಾಲ್ಕಾದರೆ ಮನೆಗೆ ಕಳಿಸಬಹುದು. ನಾಲ್ಕಾಯಿತು ಎಂದ ಮಾತ್ರಕ್ಕೆ ಯಾಂತ್ರಿಕವಾಗಿ ಕಳಿಸುವಂತಿಲ್ಲ, ವಿಚಾರಿಸಿ ನೋಡಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಬೇದಾರರಿಗೆ ಆ ತೀರ್ಪು ಅಷ್ಟೊಂದು ಹಿಡಿಸಿದಂತೆ ಕಾಣಲಿಲ್ಲ.

ಹಾಗಾಗಿ ನನ್ನ ಒಲವು ಮತ್ತೆ ‘ಬಿಡುಗಡೆ’ಯ ಕಡೆಗೇ ತಿರುಗಿದೆ. ಜೈಲು, ಸಿನಿಮಾ, ಪುಸ್ತಕ, ಅನುದಾನ, ಕಬಿನಿಯ ನೀರು ಎಲ್ಲದಕ್ಕೂ ಆ ಪದವೇ ದುಡಿಯುತ್ತಿದೆ ಎಂಬ ಆಕ್ಷೇಪ ನನಗೂ ಗೊತ್ತು. ಆದರೆ ವರ್ಗಾವಣೆಯಾದ ಗುಮಾಸ್ತರಿಗೆ ‘ಈ ದಿನ ಅಪರಾಹ್ನ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ’ ಎಂದು ಆದೇಶ ಕೊಡುತ್ತಾರಲ್ಲ, ಅಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ನನಗೆ ಬೇಕಾದ ನಿರ್ಲಿಪ್ತತೆ ಆ ವಾಕ್ಯದಲ್ಲಿದೆ. ‘ಸೇವಾಮುಕ್ತಿ’ ಎಂದು ಸೂಚಿಸಿದ ಗೆಳೆಯರೊಬ್ಬರಿದ್ದಾರೆ. ಮುಕ್ತಿಯನ್ನು ಮೇಲ್ದರ್ಜೆಗೇರಿಸಿ ಎಂದು ಅರ್ಜಿ ಹಾಕಿದರೆ ಅದು ಹೋಗಬೇಕಾದ ವಿಳಾಸವೇ ಬೇರೆ.

‘ಅಪ್‌ಗ್ರೇಡ್’ಗೂ ‘ಮೇಲ್ದರ್ಜೆಗೇರಿಸುವುದು’ ನನಗೆ ಒಗ್ಗುತ್ತಿಲ್ಲ. ಅದನ್ನು ಆರೋಗ್ಯ ಕೇಂದ್ರಗಳೂ ರಸ್ತೆಗಳೂ ಗುತ್ತಿಗೆ ಹಿಡಿದಿವೆ. ಇಂಥ ಅರ್ಜಿ ನೋಡುವುದಕ್ಕೆ ಅಮೆರಿಕದ ಸೇನೆಯಲ್ಲಿ ಎರಡು ಮಂಡಳಿಗಳಿವೆ. ಬಿಡುಗಡೆಯಾಗಿ 15 ವರ್ಷದೊಳಗಿದ್ದರೆ ಒಂದಕ್ಕೆ ಹೋಗಬಹುದು. ಇನ್ನೊಂದರ ಹೆಸರಿನಲ್ಲೇ ‘ದಾಖಲೆ ತಿದ್ದುಪಡಿ’ ಇದೆ. ಅದರ ಗಡುವು ಮೂರು ವರ್ಷ, ನ್ಯಾಯದ ದೃಷ್ಟಿಯಿಂದ ಅದನ್ನು ಮನ್ನಿಸುವ ಅಧಿಕಾರವೂ ಅದಕ್ಕಿದೆ. ತಪ್ಪನ್ನು ತಿದ್ದುವುದು, ಅನ್ಯಾಯವನ್ನು ನಿವಾರಿಸುವುದು ಅದರ ಕೆಲಸ ಎಂದು ಕಾನೂನು ಹೇಳುತ್ತದೆ. ಪಹಣಿ ತಿದ್ದುಪಡಿಗೆ ಅಲೆದ ನಮ್ಮವರಿಗೆ ‘ದರ್ಜೆ ತಿದ್ದುಪಡಿ’ ತಟ್ಟನೆ ತಿಳಿಯುತ್ತದೆ, ಅಲೆದಾಟವೂ ಸೇರಿದಂತೆ.

ಮೊದಲ ಮಂಡಳಿ ನೋಡುವ ಎರಡು ಅಳತೆಗಳಲ್ಲಿ ‘ಪ್ರೊಪ್ರೈಟಿ’ ಒಂದು. ‘ಔಚಿತ್ಯ’ ಎಂದು ಬರೆದುಬಿಟ್ಟಿದ್ದೆ. ಅದು ಕಾವ್ಯಮೀಮಾಂಸೆಗೆ ಹೋಗುತ್ತದೆ. ಇಲ್ಲಿ ಕೇಳುತ್ತಿರುವುದು ನಿಯಮದ ಪ್ರಕಾರ ನಡೆದಿದೆಯೇ ಎಂದು, ಆದ್ದರಿಂದ ‘ಕ್ರಮಬದ್ಧತೆ’. ಇನ್ನೊಂದಾದ ‘ಈಕ್ವಿಟಿ’ಗೆ ‘ನ್ಯಾಯಸಮ್ಮತತೆ’ ಎಂದಿದ್ದೇನೆ, ನಾಲಿಗೆ ತೊಡರುತ್ತದೆ, ಇರಲಿ.

ನಿಜವಾಗಿ ನಿಂತುಹೋದದ್ದು ಕೊನೆಯ ಭಾಗದಲ್ಲಿ. ಆಘಾತದಿಂದ ಬಂದ ಮನಸ್ಸಿನ ಕಾಯಿಲೆಯಿಂದ ತಪ್ಪು ನಡೆದಿರಬಹುದಾದ ಅರ್ಜಿಗಳನ್ನು ಉದಾರವಾಗಿ ನೋಡಿ ಎಂದು 2014ರಲ್ಲಿ ಅಮೆರಿಕದ ಆಗಿನ ರಕ್ಷಣಾ ಸಚಿವ ಚಕ್ ಹೇಗಲ್ ಸೂಚಿಸಿದರು. 2017ರ ಸೂಚನೆ ಅದನ್ನು ನಾಲ್ಕು ಪ್ರಶ್ನೆಗಳಾಗಿ ಬಿಡಿಸಿತು. ಕಾಯಿಲೆ ಇತ್ತೇ? ಸೇವೆಯಲ್ಲಿದ್ದಾಗಲೇ ಇತ್ತೇ? ಅದು ಆ ಬಿಡುಗಡೆಯನ್ನು ‘ಎಕ್ಸ್‌ಕ್ಯೂಸ್’ ಅಥವಾ ‘ಮಿಟಿಗೇಟ್’ ಮಾಡುತ್ತದೆಯೇ? ಬಿಡುಗಡೆಗಿಂತ ಅದರ ತೂಕವೇ ಹೆಚ್ಚೇ? ತೂಕದ ಮಾತು ಕನ್ನಡಕ್ಕೆ ಸಲೀಸಾಗಿ ಬಂತು. ಮೂರನೆಯದರಲ್ಲಿ ತಡೆದೆ. ‘ಮನ್ನಿಸು’ ಎಂದರೆ ಮನ್ನಿಸುವವರ ಕೃಪೆಯಾಯಿತು. ಇಲ್ಲಿ ಮನ್ನಿಸುವ ಕರ್ತೃ ಕಾಯಿಲೆ. ‘ತಗ್ಗಿಸು’ ಎಂದರೆ ಏನನ್ನು ತಗ್ಗಿಸುತ್ತದೆ, ತಪ್ಪನ್ನೋ ತಪ್ಪಿನ ಹೊಣೆಯನ್ನೋ?

ತಾಯಿ ಮಾತ್ರ ಈ ಪ್ರಶ್ನೆಗಳನ್ನು ಕೇಳದೆಯೇ ಉತ್ತರ ಹೇಳಿ ಮುಗಿಸಿದ್ದರು. ಅವರ ಹೇಳಿಕೆಯ ಮೊದಲ ಸಾಲು ಇದು: ‘ಆ ವರ್ಷ ಫೋನು ಮಾಡಿದಾಗಲೆಲ್ಲ ಅಲ್ಲಿ ನಡುರಾತ್ರಿ ಆಗಿರುತ್ತಿತ್ತು. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ. ನಿದ್ದೆಗೆಟ್ಟವನ ಕೈಯಲ್ಲಿ ಆದದ್ದು ಅದು.’

‘ಕೈಯಲ್ಲಿ ಆದದ್ದು.’ ಮಾಡಿದ್ದು ಅಂದಿಲ್ಲ, ಮಾಡಲಿಲ್ಲ ಅಂತಲೂ ಅಂದಿಲ್ಲ. ಕೈ ಅವನದೇ ಎಂದು ಒಪ್ಪಿಕೊಂಡು, ಕರ್ತೃವಿನ ಜಾಗದಿಂದ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ದಾರೆ. ಇದನ್ನು ಇಂಗ್ಲಿಷಿಗೆ ತರಲು ನಾನು ಮಾಡಿದ ನಾಲ್ಕು ಪ್ರಯತ್ನಗಳಲ್ಲಿ ಎರಡು ತಪ್ಪೊಪ್ಪಿಗೆಯ ಹಾಗಿವೆ, ಎರಡು ನುಣುಚಿಕೊಳ್ಳುವವನ ಮಾತಿನ ಹಾಗಿವೆ.

‘ಗೌರವೇತರ’ ಮತ್ತು ‘ದರ್ಜೆ ತಿದ್ದುಪಡಿ’ಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಕಾನೂನಿನ ಕನ್ನಡದಲ್ಲಿ ‘ಮಿಟಿಗೇಟ್’ಗೆ ಬಳಕೆಯಲ್ಲಿರುವ ಪದ ಯಾವುದೆಂದು ವಕೀಲ ಮಿತ್ರರು ತಿಳಿಸಿದರೆ ಉಪಕಾರ. ‘ಕೈಯಲ್ಲಿ ಆದದ್ದು’ ಎಂಬುದಕ್ಕೆ ಯಾರಿಗಾದರೂ ಇಂಗ್ಲಿಷ್ ಹೊಳೆದರೆ ಅದನ್ನು ಎಲ್ಲಕ್ಕಿಂತ ಮೊದಲು ಕಳಿಸಿ. ಕಾಗದ ಸೋಮವಾರದ ಅಂಚೆಗೆ ಹೋಗಬೇಕು.